ಬೆನ್ನ ಮೇಲಿದ್ದವನು ಕಂಡದ್ದು

ಕರ್ನಲ್ ಆಲ್ಬನ್ ಟ್ರೆವೆನಾನಿಗೆ ಪದಕ ಬಂದದ್ದು ಒಬ್ಬ ಮನುಷ್ಯನನ್ನು ಹೊತ್ತದ್ದಕ್ಕೆ. ವೈಕಾಟೊ ಯುದ್ಧದ ಕಾಲ. ಆಗ ಅವನಿನ್ನೂ ಎಳೆಯ ಲೆಫ್ಟಿನೆಂಟ್. ಆ ನೆಲದ ಮೂಲನಿವಾಸಿಗಳಾದ ಮಾವೊರಿಗಳು ದಿಬ್ಬದ ಮೇಲೆ ಮರಗೂಟ ನೆಟ್ಟು ಕಟ್ಟಿದ್ದ ಕೋಟೆಗೆ ದಂಡು ಏರಿಹೋಗಿ, ಪೆಟ್ಟು ತಿಂದು ಹಿಂದೆ ಸರಿದಿತ್ತು. ಡೋಲನ್ ಎಂಬ ಐರಿಷ್ ಸಿಪಾಯಿ ಮೊಣಕಾಲಿಗೆ ಗುಂಡು ಬಿದ್ದು ಕೋಟೆಯ ಬುಡದ ಜೌಗಿನಲ್ಲೇ ಉಳಿದುಬಿಟ್ಟ. ಟ್ರೆವೆನಾ ಒಬ್ಬನೇ ಮರಳಿ ಹೋಗಿ ಅವನನ್ನು ಹೆಗಲಿಗೆ ಹಾಕಿಕೊಂಡು ಬಂದ. ರಾಣಿಯ ಹೆಸರಿನಲ್ಲಿ ಪದಕ ಕೊಟ್ಟರು. ಅಲ್ಲಿಂದಾಚೆ ಅವನು ಹಿಂತಿರುಗಿ ನೋಡಲಿಲ್ಲ. ಕ್ಯಾಪ್ಟನ್ ಆದ, ಮೇಜರ್ ಆದ, ಕೊನೆಗೆ ವಸಾಹತು ದಂಡಿನ ಕರ್ನಲ್ ಆದ. ಯುದ್ಧ ಮುಗಿದಾಗ ಮಾವೊರಿಗಳಿಂದ ಕಿತ್ತುಕೊಂಡ ನೆಲದಲ್ಲಿ ಸರ್ಕಾರ ಅವನಿಗೊಂದು ದೊಡ್ಡ ಪಾಲು ಕೊಟ್ಟಿತು. ಕುರಿ ಸಾಕಿದ. ಊರಿನ ಸಭೆಗಳಲ್ಲಿ ಮೊದಲ ಕುರ್ಚಿ ಅವನದೇ.

ಡೋಲನ್ ಕಾಲು ಕಳೆದುಕೊಂಡು, ಅದೇ ಊರಿನಲ್ಲಿ ಕುದುರೆ ಜೀನು ಹೊಲಿಯುತ್ತ ಕೂತ. ಕರ್ನಲ್ ಬೀದಿಯಲ್ಲಿ ಹಾದುಹೋದಾಗಲೆಲ್ಲ ಅಂಗಡಿಯ ಬಾಗಿಲಿನಿಂದ ಕೂಗುತ್ತಿದ್ದ: "ದಾರಿ ಬಿಡ್ರಪ್ಪೋ, ನಾನು ಸವಾರಿ ಮಾಡಿದ ಕುದುರೆ ಬಂತು!"

ಜನ ಮುಖ ತಿರುಗಿಸಿ ನಗುತ್ತಿದ್ದರು. ಪ್ರಾಣ ಉಳಿಸಿದ್ದಕ್ಕೆ ಇದೇ ಪ್ರತ್ಯುಪಕಾರವೇ ಎಂದು ಟ್ರೆವೆನಾ ಹಲ್ಲು ಕಚ್ಚಿಕೊಂಡು ಹೋಗಿಬಿಡುತ್ತಿದ್ದ. ಇಪ್ಪತ್ತು ವರ್ಷ ಹೀಗೇ ಕಳೆಯಿತು.

ಆ ವರ್ಷ ಊರಿನವರು ಸತ್ತ ಸಿಪಾಯಿಗಳಿಗೊಂದು ಸ್ಮಾರಕ ನಿಲ್ಲಿಸಲು ಹೊರಟರು. ಭಾಷಣ ಕರ್ನಲ್‌ನದು. ಅವನ ಕತ್ತಿಯ ಪಟ್ಟಿ ಹರಿದಿತ್ತು. ಇಂಥ ಕೆಲಸಗಳನ್ನೆಲ್ಲ ನೋಡಿಕೊಳ್ಳುತ್ತಿದ್ದ ಹೆಂಡತಿ ಹಿಂದಿನ ಚಳಿಗಾಲದಲ್ಲಿ ತೀರಿಕೊಂಡಿದ್ದಳು. ಬೇರೆ ದಾರಿಯಿಲ್ಲದೆ ತಾನೇ ಡೋಲನ್‌ನ ಅಂಗಡಿಗೆ ಹೋದ.

ಡೋಲನ್ ಪಟ್ಟಿ ಹೊಲಿಯುತ್ತಲೇ ಕೇಳಿದ: "ಭಾಷಣದಲ್ಲಿ ಏನು ಹೇಳ್ತೀರಿ ಕರ್ನಲ್‌ರೇ?"

"ನಡೆದದ್ದನ್ನೇ. ಗುಂಡಿನ ಮಳೆ ಸುರೀತಿತ್ತು..."

"ಹೋಗುವಾಗ ಮಳೆ, ಒಪ್ದೆ. ಬರುವಾಗ ಒಂದು ಹನಿ ಬಿತ್ತಾ?"

ಟ್ರೆವೆನಾ ನೆನಪು ಮಾಡಿಕೊಂಡ. ಬರುವಾಗಿನದೆಂದು ನೆನಪಿದ್ದದ್ದು ತನ್ನ ಏದುಸಿರಿನ ಸದ್ದು ಮಾತ್ರ.

"ನಿಮ್ಮ ಮುಖ ಈ ಕಡೆ ಇತ್ತು, ನನ್ನ ಮುಖ ಅವರ ಕಡೆ," ಅಂದ ಡೋಲನ್. "ತಲೆಕೆಳಗಾಗಿ ನೇತಾಡ್ತಾ ಎಲ್ಲಾ ನೋಡ್ದೆ. ಗೂಟದ ಬೇಲಿ ಮೇಲೆ ಒಬ್ಬ ಎದ್ದು ನಿಂತು ಕೈ ಎತ್ತಿದ. ಎಲ್ರೂ ಬಂದೂಕು ಇಳಿಸಿದ್ರು. ಕೆನ್ನೆ ಮೇಲೆ ಇಷ್ಟುದ್ದ ಸುಟ್ಟ ಗಾಯ ಇತ್ತು ಅವನಿಗೆ."

"ಇಷ್ಟು ವರ್ಷ ಯಾಕೆ ಬಾಯಿ ಬಿಡ್ಲಿಲ್ಲ?"

"ಯಾರು ಕೇಳಿದ್ರು? ನಿಮ್ಮನ್ನ ಕೇಳಿದ್ರು, ಆಗಿನ ಮೇಜರ್‌ನ ಕೇಳಿದ್ರು. ಹೊರೆಯನ್ನ ಯಾರಾದ್ರೂ ಮಾತಾಡಿಸ್ತಾರಾ? ನೀವೂ ಆಸ್ಪತ್ರೆ ಕಡೆ ಒಂದ್ಸಲ ತಲೆ ಹಾಕ್ಲಿಲ್ಲ."

ಟ್ರೆವೆನಾ ಪಟ್ಟಿ ತೆಗೆದುಕೊಂಡು ಎದ್ದ. ಮನೆಗೆ ಬಂದು ಭಾಷಣ ಬರೆಯಲು ಕೂತರೆ ಮೊದಲ ಸಾಲೇ ಮುಂದೆ ಹೋಗಲಿಲ್ಲ. ಸುಟ್ಟ ಗಾಯದವನಿಗಾಗಿ ಕುರಿಮಂದೆಯವರಲ್ಲಿ, ದೋಣಿಯವರಲ್ಲಿ ವಿಚಾರಿಸಿದ. ನದಿಯಾಚೆ ಪರಾತೆನೆ ಎಂಬ ಹಿರಿಯನಿದ್ದಾನೆ ಎಂದರು. ಬಿಳಿಯರು ಆ ದಡಕ್ಕೆ ಕಾಲಿಡಲು ಅಂಜುತ್ತಿದ್ದ ಕಾಲ ಅದು. ಕರ್ನಲ್ ಡೋಲನ್‌ನನ್ನು ಗಾಡಿಯಲ್ಲಿ ಕೂರಿಸಿಕೊಂಡು ನದಿ ದಾಟಿದ.

ಪರಾತೆನೆ ಮನೆಯ ಮುಂದೆ ಆಲೂಗಡ್ಡೆ ಆರಿಸುತ್ತಿದ್ದ. ಕುಂಟನನ್ನು ಇಳಿಸುತ್ತಿದ್ದ ಬಿಳಿಯನನ್ನು ನೋಡಿದ. ಡೋಲನ್ ಅವನ ಕೆನ್ನೆ ನೋಡಿ ಇವನೇ ಎಂಬಂತೆ ತಲೆಯಾಡಿಸಿದ. ಟ್ರೆವೆನಾ ತನಗೆ ಬರುತ್ತಿದ್ದಷ್ಟು ಮಾವೊರಿಯಲ್ಲಿ ಆ ಕೋಟೆಯ ಹೆಸರು ಹೇಳುತ್ತಲೇ ಪರಾತೆನೆ ಹೊಟ್ಟೆ ಹಿಡಿದುಕೊಂಡು ನಕ್ಕ.

"ಅಯ್ಯೋ, ಎರಡು ತಲೆಯ ಪಾಕೆಹಾ, ಎರಡು ತಲೆಯ ಬಿಳಿಯ! ಒಂದು ತಲೆ ಮೇಲೆ, ಒಂದು ಕೆಳಗೆ! ಜೌಗಲ್ಲಿ ಬಾತುಕೋಳಿ ಹಾಗೆ ಹೋಗ್ತಿದ್ದೆಯಲ್ಲೋ ಬಿಳಿಯ. ನನ್ನ ತಮ್ಮ ತಾಮತಿಗೆ ನಕ್ಕು ನಕ್ಕು ಗುರಿಯೇ ನಿಲ್ಲಲಿಲ್ಲ."

"ನಗು ಬಂತು ಅಂತ ಬಿಟ್ಟೆಯಾ?" ಟ್ರೆವೆನಾ ಕೇಳಿದ.

"ಮೊದಲು ನಗು ಬಂತು. ಆಮೇಲೆ, ಜೊತೆಯವನನ್ನ ಬಿಟ್ಟು ಹೋಗದವನ ಬೆನ್ನಿಗೆ ಹೊಡೆದ್ರೆ ನಾಳೆ ನಮ್ಮವರೇ ನನ್ನ ಮುಖ ನೋಡ್ತಾರಾ ಅನ್ನಿಸ್ತು."

"ನಿನ್ನ ತಮ್ಮ ಎಲ್ಲಿದ್ದಾನೆ?"

"ಮಾರನೇ ದಿನ ನಿಮ್ಮ ಫಿರಂಗಿ ಬಂತಲ್ಲ."

ಪರಾತೆನೆಯ ಮಗಳು ಬೇಯಿಸಿದ ಹಾವುಮೀನು, ಆಲೂಗಡ್ಡೆ ತಂದಿಟ್ಟಳು. ಟ್ರೆವೆನಾ ತಟ್ಟೆಗೆ ಕೈ ಹಾಕಲಿಲ್ಲ.

"ನನಗೆ ಪದಕ ಕೊಟ್ರು," ಅಂದ.

"ಕೊಡ್ಲಿ. ಹೊತ್ತದ್ದು ನೀನೇ ತಾನೇ? ಇಟ್ಕೋ."

"ನೆಲವನ್ನೂ ಕೊಟ್ರು. ನದಿಯ ಆಚೆ ದಡದಲ್ಲಿ, ತೊರೆ ಇರೋ ಕಡೆ."

"ಗೊತ್ತು. ಈ ಮೀನು ಹಿಡೀತಿದ್ದದ್ದು ಅಲ್ಲೇ, ನನ್ನಜ್ಜನ ಕಾಲದಿಂದ. ಅದನ್ನ ಮಾತ್ರ ಇಟ್ಕೋ ಅನ್ನಲ್ಲ ನಾನು. ಈಗ ಉಣ್ಣು, ಆರಿಹೋಗುತ್ತೆ."

ಟ್ರೆವೆನಾ ಉಂಡ.

ಸ್ಮಾರಕದ ಮುಂದೆ ಅವನು ನಡೆದದ್ದನ್ನು ನಡೆದ ಹಾಗೆ ಹೇಳಿದ. ಎತ್ತಿದ ಕೈ, ಬಾತುಕೋಳಿ, ನಗು ಯಾವುದನ್ನೂ ಬಿಡಲಿಲ್ಲ. ಸತ್ತ ಸಿಪಾಯಿಗಳ ಹೆಸರು ಓದಿ ಮುಗಿಸಿ, ಕೊನೆಗೆ ತಾಮತಿಯ ಹೆಸರನ್ನೂ ಓದಿದ. ಸಭೆಯಲ್ಲಿ ಕೆಮ್ಮು ಕೇಳಿಸಿತೇ ಹೊರತು ಚಪ್ಪಾಳೆ ಬೀಳಲಿಲ್ಲ. "ಹೆಂಡತಿ ಸತ್ತ ಮೇಲೆ ಪಾಪ, ಬುದ್ಧಿ ಮಂಕಾಗಿದೆ," ಎಂದು ಪಾದ್ರಿಯ ಹೆಂಡತಿ ಎಲ್ಲರಿಗೂ ಕೇಳುವಂತೆ ಪಿಸುಗುಟ್ಟಿದಳು. ಮುಂದಿನ ವರ್ಷ ಸ್ಮಾರಕದ ಸಭೆಗೆ ಅವನನ್ನು ಯಾರೂ ಕರೆಯಲಿಲ್ಲ. ಅವನೂ ಹೋಗುವ ಮನಸ್ಸು ಮಾಡಲಿಲ್ಲ. ಸಂಜೆ ಹೊತ್ತು ಡೋಲನ್‌ನ ಅಂಗಡಿಯಲ್ಲಿ ಕೂತು ಚಹಾ ಕುಡಿಯುವುದು ರೂಢಿಯಾಯಿತು.

ತೊರೆಯ ಬೇಲಿಯನ್ನು ಆ ತಿಂಗಳೇ ಕೀಳಿಸಿದ. ಶರತ್ಕಾಲದಲ್ಲಿ ಪರಾತೆನೆಯ ಮನೆಯವರು ಬುಟ್ಟಿಬಲೆ ಹೊತ್ತು ಬಂದು ಹಾವುಮೀನು ಹಿಡಿದರು. ಉಳಿದ ನೆಲದ ಮಾತು ಮಾತ್ರ ಅವನೊಳಗೆ ಕುದಿಯುತ್ತಲೇ ಇತ್ತು. ಪೂರಾ ಕೊಟ್ಟುಬಿಡಬೇಕೆಂದು ಬೆಳಿಗ್ಗೆ ಅನ್ನಿಸಿದರೆ, ಮಗಳ ಮಕ್ಕಳು ಕುರಿಮರಿಗಳ ಹಿಂದೆ ಓಡುವುದನ್ನು ಕಂಡಾಗ ಮನಸ್ಸು ಹಿಂದೇಟು ಹಾಕುತ್ತಿತ್ತು. ಕೊನೆಗೆ ಸಾಯುವ ಮುಂಚಿನ ವರ್ಷ, ತೊರೆಯನ್ನೂ ಅದರ ಎರಡೂ ದಂಡೆಗಳ ಬಯಲನ್ನೂ ಪರಾತೆನೆಯವರಿಗೆ ಬರೆದುಕೊಟ್ಟ. ಮನೆ, ಮೇಲಿನ ಗುಡ್ಡ ಮಗಳಿಗೆ ಉಳಿದವು.

ಜಾಸ್ತಿ ಕೊಟ್ಟೆ ಅಪ್ಪ, ಅಂದಳು ಮಗಳು. ಕಡಿಮೆ ಕೊಟ್ಟೆ, ಅಂದ ಪರಾತೆನೆ. ಇಬ್ಬರೂ ಹೇಳುವುದು ನಿಜ ಎಂದೇ ಟ್ರೆವೆನಾ ಕೊನೆಯವರೆಗೂ ನಂಬಿದ್ದ.