ಅತ್ತೆಯ ಬಾಯಿ ನೋಡಿ ಕಲಿತ ಹಾಡು

ಇಡೀ ದಿನ ಲಾಂಡ್ರಿಯಲ್ಲಿ ಆಸ್ಪತ್ರೆಯ ಬೆಡ್‌ಶೀಟುಗಳಿಗೆ ಇಸ್ತ್ರಿ ಹಾಕಿ, ಸೊಂಟ ಮುರಿದುಕೊಂಡು ಮನೆಗೆ ಬಂದರೆ, ಚಪ್ಪಲಿ ಬಿಡುವ ಮೊದಲೇ ಒಳಗಿನಿಂದ ಅತ್ತೆಯ ದನಿ.

"ಬಂದ್ಯಾ? ಮುಖ ತೊಳ್ಕೊಂಡು ಬಾ. ನೀರು ಕುಡಿ, ಗಂಟಲು ಒಣಗಿರತ್ತೆ."

ಸುಸ್ತಾಗಿದೆಯೇನೇ, ಸ್ವಲ್ಪ ಹೊತ್ತು ಕೂತುಕೋ ಎಂದು ಒಂದು ದಿನವಾದರೂ ಆ ಬಾಯಲ್ಲಿ ಬಂದಿದ್ದರೆ ಕೇಳಿ!

ನನ್ನ ಗಂಡನ ತಾಯಿ ಇವರು. ಒಂದು ಕಾಲದಲ್ಲಿ ಊರಿನ ದೊಡ್ಡ ಸಂಗೀತ ರಂಗಮಂದಿರದಲ್ಲಿ ಹಾಡುವವರಿಗೆ ಫ್ರೆಂಚ್ ಉಚ್ಚಾರಣೆ ಕಲಿಸುತ್ತಿದ್ದರು. ಅಲ್ಲಿ ಎಲ್ಲರಿಗೂ ಅವರು 'ತುಟಿ ಮೇಡಂ'. ಎರಡು ವರ್ಷದ ಹಿಂದೆ ಪಾರ್ಶ್ವವಾಯು ಬಡಿದು ಮುಖದ ಒಂದು ಭಾಗ ಜೋತುಬಿತ್ತು. ಮಾತು ಮರಳಿ ಬಂತು, ಬಾಯಿ ಮಾತ್ರ ವಾರೆಯಾಗಿಯೇ ಉಳಿಯಿತು. ಕಣ್ಣಿಗೂ ಪೊರೆ ಬಂದು ಎದುರಿಗಿದ್ದವರು ಮಬ್ಬಾಗಿ ಕಾಣುತ್ತಾರೆ. ಶಿಷ್ಯರೆಲ್ಲ ಒಬ್ಬೊಬ್ಬರಾಗಿ ಜಾರಿಕೊಂಡರು. ಕೊನೆಗೆ ಉಳಿದವಳು ನಾನೊಬ್ಬಳೇ. ಜಾರಿಕೊಳ್ಳೋಣವೆಂದರೆ ನಾನಿರುವುದೂ ಅದೇ ಮನೆಯಲ್ಲಿ.

ತಮಾಷೆ ಬಿಡಿ, ನನಗೂ ಅವರು ಬೇಕಿತ್ತು. ರಂಗಮಂದಿರದ ಕೋರಸ್‌ನಲ್ಲಿ ನಾನು ಕರೆದಾಗ ಹೋಗಿ ಹಾಡುವವಳು. ಈಗ ಒಂದು ಕಾಯಂ ಜಾಗ ಖಾಲಿಯಾಗಿತ್ತು. ಪರೀಕ್ಷೆಗೆ ಒಂದು ಫ್ರೆಂಚ್ ಹಾಡು ಹಾಡಬೇಕು. ಮುಂದಿನ ವರ್ಷಕ್ಕೆ ನನ್ನ ವಯಸ್ಸು ಮೀರುತ್ತದೆ. ಇದು ತಪ್ಪಿದರೆ ಇಸ್ತ್ರಿಯೇ ಗತಿ.

ಅತ್ತೆಯ ಪದ್ಧತಿಯಲ್ಲಿ ಮೊದಲು ರಾಗವಿಲ್ಲ, ತಾಳವಿಲ್ಲ. ಹಾಡಿನ ಮಾತುಗಳನ್ನು ಒಂದೇ ಸ್ವರದಲ್ಲಿ, ಅವರ ತುಟಿಯನ್ನೇ ನೋಡುತ್ತ, ಅವರು ಸಾಕೆನ್ನುವವರೆಗೆ ಹೇಳಬೇಕು. ಚಂದ್ರನಿಗೆ ಫ್ರೆಂಚಿನಲ್ಲಿ 'ಲ್ಯೂನ್' ಅಂತೆ. ಆ ಒಂದು ಚಂದ್ರನ ಮೇಲೆಯೇ ನಮ್ಮ ವಾರಗಳು ಕಳೆದವು.

"ನಾಲಿಗೆ 'ಈ' ಅನ್ಬೇಕು, ತುಟಿ 'ಊ' ಅನ್ಬೇಕು. ಎರಡೂ ಒಟ್ಟಿಗೆ. ನನ್ನ ಬಾಯಿ ನೋಡು."

"ಒಂದೇ ಬಾಯಲ್ಲಿ ಎರಡು ಮಾತು ನಮ್ಮ ಲಾಂಡ್ರಿ ಮ್ಯಾನೇಜರ್‌ಗೆ ಬರತ್ತೆ ಅತ್ತೆ, ನಂಗೆ ಬರಲ್ಲ."

"ಬಾಯಿ ಮುಚ್ಕೊಂಡು ಹೇಳು!"

ಬಾಯಿ ಮುಚ್ಚಿಕೊಂಡು ಹೇಳುವುದು ಹೇಗೆಂದು ಕೇಳುವಷ್ಟು ಶಕ್ತಿಯೂ ನನ್ನಲ್ಲಿರಲಿಲ್ಲ. ನೋಡಿದೆ, ಹೇಳಿದೆ. ಕೊನೆಗೂ ಒಂದು ಸಂಜೆ ಅತ್ತೆ ಕಣ್ಣು ಮುಚ್ಚಿ ಕೇಳಿ, "ಹಾಂ, ಇದು ಫ್ರೆಂಚು" ಎಂದರು. ಅವರ ಮುಖ ಅಷ್ಟು ಅರಳಿದ್ದನ್ನು ಕಾಯಿಲೆ ಬಿದ್ದ ಮೇಲೆ ನಾನು ಕಂಡಿರಲಿಲ್ಲ.

ಪರೀಕ್ಷೆಗೆ ಇನ್ನೇನು ಸ್ವಲ್ಪ ದಿನವಿದೆ ಎನ್ನುವಾಗ ರಂಗಮಂದಿರದ ಪಿಯಾನೋ ಮೇಷ್ಟ್ರ ಜೊತೆ ಅಭ್ಯಾಸಕ್ಕೆ ಹೋದೆ. ಅವರು ಅರ್ಧಕ್ಕೇ ನುಡಿಸುವುದನ್ನು ನಿಲ್ಲಿಸಿದರು.

"ಏನಮ್ಮಾ, ಹಲ್ಲುನೋವಾ?"

"ಇಲ್ವಲ್ಲ ಸಾರ್."

"ಮತ್ಯಾಕೆ ಬಾಯಿ ಒಂದು ಕಡೆಗೆ ಓಡ್ತಿದೆ? ಉಚ್ಚಾರಣೆ ಚೊಕ್ಕ ಇದೆ. ಬಾಯಿ ಒಂದು ಸರಿ ಮಾಡ್ಕೋ."

ಶೌಚಾಲಯದ ಕನ್ನಡಿಯ ಮುಂದೆ ನಿಂತು ಹೇಳಿ ನೋಡಿದೆ. ಅಯ್ಯೋ ದೇವರೇ! ಶಬ್ದದ ಜೊತೆಗೆ ಅತ್ತೆಯ ಕಾಯಿಲೆಯನ್ನೂ ಕಲಿತುಬಿಟ್ಟಿದ್ದೆ. ಬಾಯಿ ನೆಟ್ಟಗೆ ಇಟ್ಟರೆ ಶಬ್ದ ಕೆಡುತ್ತಿತ್ತು, ಶಬ್ದ ಸರಿ ಬಂದರೆ ಬಾಯಿ ವಾರೆ.

ಮನೆಗೆ ಹೋಗಿ ಹೇಳಲೇಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಅತ್ತೆ ಆಗಲೇ ತಲೆ ಬಾಚಿಕೊಂಡು, ಕುರ್ಚಿ ಎಳೆದುಕೊಂಡು ಕಾಯುತ್ತಿದ್ದರು. ನುಂಗಲೂ ಆಗದ, ಉಗುಳಲೂ ಆಗದ ಬಿಸಿತುಪ್ಪವಾಯಿತು ಆ ಮಾತು. ಬಾಯಿಯನ್ನು ನೋಡುವುದು ಬೇಡ, ಕಿವಿಯಲ್ಲೇ ಕಲಿಯೋಣವೆಂದು ತಲೆ ತಗ್ಗಿಸಿದೆ.

"ಯಾಕೆ ಕೆಳಗೆ ನೋಡ್ತೀಯ?" ಅವರ ದನಿ ಸಣ್ಣದಾಯಿತು. "ಎಲ್ರ ಹಾಗೆ ನಿಂಗೂ ನನ್ನ ಮುಖ ನೋಡೋಕೆ ಅಸಹ್ಯ ಆಗತ್ತೇನೇ?"

"ಬಿಡ್ತು ಅನ್ನಿ ಅತ್ತೆ!" ಎಂದು ರೇಗಿದೆ. ಅಳು ಬಂದರೆ ನಾನು ಮೊದಲು ರೇಗುತ್ತೇನೆ. ತಲೆಯೆತ್ತಿ ಅವರ ಬಾಯನ್ನೇ ನೋಡಿದೆ. ಪರೀಕ್ಷೆಯ ಹಿಂದಿನ ಸಂಜೆಯವರೆಗೂ ನೋಡಿದೆ. ಲಾಂಡ್ರಿಯ ಹಬೆಯಲ್ಲಿ ಒಬ್ಬಳೇ ಬಾಯಿ ನೆಟ್ಟಗೆ ಮಾಡಿಕೊಳ್ಳುವುದು, ಸಂಜೆ ಮನೆಗೆ ಬಂದು ಮತ್ತೆ ವಾರೆ ಮಾಡಿಕೊಳ್ಳುವುದು. ಸಾಕಾಗಿ ಹೋಯಿತು.

ಪರೀಕ್ಷೆಯಲ್ಲಿ ಚೆನ್ನಾಗಿ ಹಾಡಿದೆ, ಸುಳ್ಳು ಯಾಕೆ ಹೇಳಲಿ. ಆದರೆ ಚಂದ್ರ ಬಂದಾಗಲೆಲ್ಲ ಬಾಯಿ ತನ್ನ ಪಾಡಿಗೆ ತಾನು ಓಡಿತು. ಕೋರಸ್ ನಿರ್ದೇಶಕರು ಪಾಪ, ಮೆತ್ತಗೆ ಹೇಳಿದರು.

"ಉಚ್ಚಾರಣೆ ಇವತ್ತು ಬಂದವರಲ್ಲೆಲ್ಲ ನಿಮ್ದೇ ಚೆನ್ನ. ಆದ್ರೆ ಸಾಲಲ್ಲಿ ನಿಂತಾಗ ಒಬ್ರದ್ದೇ ಬಾಯಿ ಹೀಗೆ ಹೋದ್ರೆ, ನೋಡೋರ ಕಣ್ಣೆಲ್ಲ ಅಲ್ಲೇ ಇರತ್ತೆ. ಕ್ಷಮಿಸಿ."

ಬಸ್ಸಿನಲ್ಲಿ ಸೀಟು ಸಿಕ್ಕಿತು. ಅದೊಂದೇ ಆ ದಿನ ಸಿಕ್ಕಿದ್ದು.

ಅತ್ತೆ ಬಾಗಿಲಲ್ಲೇ ಗೋಡೆ ಹಿಡಿದು ನಿಂತಿದ್ದರು. "ಸಿಕ್ತಾ?"

"ಇಲ್ಲ."

ಅವರು ಕೈಯಿಂದ ಬಾಯಿ ಮುಚ್ಚಿಕೊಂಡೇ ಕೇಳಿದರು. "ನಾನು ಕಲ್ಸಿದ್ರಲ್ಲಿ ಏನಾದ್ರೂ ತಪ್ಪಾಯ್ತಾ?"

"ಅದ್ರಲ್ಲಿ ಎಲ್ರಿಗಿಂತ ನಾನೇ ಚೆನ್ನ ಅಂದ್ರು ಅತ್ತೆ. ಮೇಲಿನ ಸ್ವರದಲ್ಲಿ ನನ್ನ ದನಿನೇ ಒಡೀತು."

ಬಾಯಿಂದ ಕೈ ಕೆಳಗಿಳಿಯಿತು.

"ಒಡೀದೆ ಇನ್ನೇನಾಗತ್ತೆ? ಬೆಳಿಗ್ಗೆ ಎದ್ದು ಸಾಧನೆ ಮಾಡೇ ಅಂತ ಬಡ್ಕೊಂಡೆ, ಕೇಳಿದ್ಯಾ? ಸೋಮಾರಿ! ಬಂಗಾರದಂಥ ಉಚ್ಚಾರಣೆ ಮಾಡಿಸಿ ಕಳಿಸಿದ್ದೆ, ಎಲ್ಲಾ ನೀರಲ್ಲಿ ಹೋಮ ಮಾಡ್ಬಂದೆ!"

ಅತ್ತೆ ನನ್ನ ಹಿಂದೆಯೇ ಅಡುಗೆಮನೆಗೆ ಬಂದು ಬೈದರು. ನಾನು ಸ್ಟೂಲಿನ ಮೇಲೆ ಕೂತು, ಎದುರುತ್ತರ ಕೊಡದೆ, ಪೂರ್ತಿ ಬೈಸಿಕೊಂಡೆ.