ಪೂರಾ ತೆರ

ಜನರೇಟರ್ ಕೆಮ್ಮಿತು, ಪರದೆ ಕಪ್ಪಾಯಿತು, ಅಯ್ಯೋ ಎಲ್ಲ ಹೋಯ್ತು ಅಂದುಕೊಂಡೆ, ಇಲ್ಲ, ಬಂತು, ಕಾಲೇಜಿನ ಅರ್ಜಿಯಲ್ಲಿ ‘ಮೂಲ ರಾಜ್ಯ’ ಎಂಬ ಚೌಕ ಅಲ್ಲೇ ಇದೆ, ಒಳಗೆ ಕರ್ಸರಿನ ಗೆರೆ ಮಿಟುಕುತ್ತಲೇ ಇದೆ — ಏನೆಂದು ತುಂಬಲಿ, ಅಪ್ಪ ದೂರದ ಬೆನ್ಯೂ ರಾಜ್ಯದವನು, ನಾನು ಒಮ್ಮೆಯೂ ಕಾಣದ ಬೆನ್ಯೂ, ಹುಟ್ಟಿ ಬೆಳೆದದ್ದೆಲ್ಲ ಇಲ್ಲಿ ಬಾಯೆಲ್ಸಾ ರಾಜ್ಯದಲ್ಲಿ, ಅವ್ವನ ಊರಲ್ಲಿ, ಎಣ್ಣೆ ಕಂಪನಿಯವರು ವರ್ಷವಿಡೀ ಅನಿಲ ಉರಿಸುವ ಬೆಂಕಿಯ ಪಕ್ಕದಲ್ಲಿ, ಅದರ ಶಾಖಕ್ಕೇ ಅವ್ವ ಮರಗೆಣಸು ಒಣಗಿಸುವುದು, ಅದರ ಮಸಿಯೇ ನನ್ನ ಮೂಗಲ್ಲಿ, ಆದರೂ ನಾನು ಹೊರಗಿನವಳಂತೆ! ಇಲ್ಲಿನ ಕಾಲೇಜಲ್ಲಿ ಪೆಟ್ರೋಲಿಯಂ ಇಂಜಿನಿಯರಿಂಗಿಗೆ ಇಲ್ಲಿಯವರಿಗೆ ಇನ್ನೂರು ಅಂಕ ಸಾಕು, ಹೊರಗಿನವರಿಗೆ ಇನ್ನೂರ ನಲವತ್ತು, ನನ್ನದು ಇನ್ನೂರ ಹನ್ನೊಂದು. ಅಪ್ಪನ ಸೀಮೆಯ ಕಾಲೇಜು ಹಾಕ್ಕೊ ಕಣೇ ಎಬಿಯೆರೆ, ಬೇಸಾಯ ಓದು, ನಿಮ್ಮಪ್ಪನ ಕಡೆಯವ್ರು ಗೆಡ್ಡೆ ಬೆಳೆಯೋದ್ರಲ್ಲಿ ಎತ್ತಿದ ಕೈ ಅಲ್ವಾ, ಎನ್ನುತ್ತಾನೆ ಈ ಕಂಪ್ಯೂಟರ್ ಕೆಫೆಯ ಹುಡುಗ ಗಾಡ್ಸ್‌ಪವರ್, ನಿನ್ನ ತಲೆ, ಗೆಡ್ಡೆ ಬೆಳೆಯೋಕೆ ನಾನು ಮೂರು ವರ್ಷ ಗಣಿತ ಅರೆದು ಕುಡಿದೆನಾ, ಕಂಪನಿಯ ಗೇಟಿನ ಹೊರಗೇ ಕೂತು ಪೈಪಿಗೆ ಬೆಸುಗೆ ಹಾಕಿ ಹಾಕಿ ಸತ್ತ ಅಪ್ಪ, ಆ ಗೇಟಿನೊಳಕ್ಕೆ ನಾನು ಹೋಗಬೇಕು, ಹೆಲ್ಮೆಟ್ ಹಾಕಿಕೊಂಡು, ಅಷ್ಟೇ ನನಗೆ ಬೇಕಾದ್ದು. ನಾಲ್ಕಕ್ಕೆ ಅರ್ಜಿ ಬಂದ್ ಆಗುತ್ತೆ, ಬೇಗ ತಾಯಿ ಬೇಗ, ಎನ್ನುತ್ತಾನೆ ಅವನೇ.

ಮಗೂಗೆ ಅಪ್ಪನ ಊರೇ ಊರು, ಅಂದ ನಿನ್ನೆ ಊರ ಚೇರ್ಮನ್ ಡೌಯೆ, ಇವಳು ಈ ಊರವಳೇ ಅಂತ ಕಾಗದ ಕೊಡಿ ಎಂದು ಅವ್ವ ಮಂಡಿಯೂರಿದಾಗ, ಹಲ್ಲುಜ್ಜುವ ಕಡ್ಡಿ ಅಗಿಯುತ್ತ — ಹೆಣ್ಣಿನ ಮನೆಯವರಿಗೆ ಕೊಡೋ ತೆರ ಪೂರ್ತಿ ಕೊಡದೆ ನಿನ್ನ ಇಟ್ಕೊಂಡಿದ್ರೆ ಮಾತು ಬೇರೆ, ಆಗ ಮಕ್ಕಳು ಹೆಣ್ಣಿನ ಮನೆಗೆ, ನಮ್ಮವೇ, ನಿನ್ನ ಗಂಡ ಪೂರಾ ಕೊಟ್ಟನಂತಲ್ಲಮ್ಮ, ನೀನೇ ಊರೆಲ್ಲ ಸಾರಿದ್ದು. ಸಾರಿದ್ದಳು, ಹೌದು, ನಲ್ಲಿ ಹತ್ತಿರ ಜಗಳ ಬಂದಾಗಲೆಲ್ಲ ಸೊಂಟಕ್ಕೆ ಕೈಯಿಟ್ಟು, ನನ್ನ ಗಂಡ ದೋಣಿ ತುಂಬ ಜಿನ್ನಿನ ಬಾಟ್ಲಿ, ಬಟ್ಟೆ, ಆಡು ತಂದು ಪೂರಾ ತೆರ ಕೊಟ್ಟು ಕೈಹಿಡಿದ ಕಣೇ, ನಿನ್ನವನ ಹಾಗೆ ಅರ್ಧಕ್ಕೆ ಕೈಕೊಟ್ಟವನಲ್ಲ! ಆ ಹೆಂಗಸರು ಬಾಯಿ ಮುಚ್ಚುತ್ತಿದ್ದರು, ಅಪ್ಪ ಒಳಗೆ ಮೀನು ಸಾರು ಉಣ್ಣುತ್ತ ನಗುತ್ತಿದ್ದ, ಎಂಥ ದರಿದ್ರ ಕಾಯಿದೆ ಇದು, ನ್ಯಾಯವಾಗಿ ಮದುವೆಯಾದದ್ದೇ ತಪ್ಪಾಯಿತೇ, ಥೂ.

ಫೋನು. ಅವ್ವ. ಹಿಂದೆ ಹೆಂಗಸರ ನಗು, ಆ ನಲ್ಲಿಯ ಹೆಂಗಸರೇ. ಹೇಳ್ಬಿಟ್ಟೆ ಕಣೇ, ಹಿರಿಯರೆಲ್ಲರ ಮುಂದೆ, ಅವನು ಏನೂ ಕೊಡ್ಲಿಲ್ಲ, ಸುಮ್ನೆ ಇಟ್ಕೊಂಡಿದ್ದ ಅಂದೆ, ಕಾಗದಕ್ಕೆ ಸೀಲು ಬಿತ್ತು, ಫೋಟೋ ಕಳಿಸ್ದೆ ನೋಡು, ಏನೂ ಯೋಚಿಸ್ಬೇಡ, ಒತ್ತು. ಅವ್ವಾ, ಎಂದೆ. ಒತ್ತೇ, ಅಂದಳು, ಇಟ್ಟುಬಿಟ್ಟಳು. ಬಾಯೆಲ್ಸಾ ಎಂದು ಒತ್ತಿದೆ, ಕಾಲೇಜಿನ ಹೆಸರು ಬಂತು, ಹಾಕಿದೆ, ಬಂತಲ್ಲ, ನನ್ನದಾಯಿತಲ್ಲ, ಯಾಕೆ ಯಾರನ್ನಾದರೂ ಹೊಡೆಯಬೇಕು ಅನ್ನಿಸುತ್ತಿದೆ — ಮುಂದಿನ ಚೌಕ ನೋಡ್ಕೊ, ಎಂದ ಗಾಡ್ಸ್‌ಪವರ್, ನನ್ನ ಫೋನಿಗೆ ಬಗ್ಗಿ, ಕಾಗದದಲ್ಲಿ ಹೆಂಗಿದೆಯೋ ಹಂಗೇ ಇರ್ಬೇಕು, ಇಲ್ದಿದ್ರೆ ಕಾಲೇಜಿನವ್ರು ತಳ್ಳಿಹಾಕ್ತಾರೆ, ಆ ಜಾಗಕ್ಕೆ ಇಲ್ಲಿ ಬರೀ ಗೆರೆ ಎಳೆದಿದ್ದಾರೆ ನೋಡು, ನೀನೂ ಖಾಲಿ ಬಿಡು. ತಂದೆಯ ಹೆಸರು. ಗೆರೆ ಮಿಟುಕುತ್ತಿದೆ. ತಂದೆಯ ಹೆಸರು. ತೆರ್ಸೂ, ಅಪ್ಪ, ತೆರ್ಸೂ — ಖಾಲಿ ಚೌಕ, ಮಿಟುಕುತ್ತಿದೆ, ಮಿಟುಕುತ್ತಿದೆ