ಚಾಮರಾಜಪೇಟೆಯಿಂದ ಉತ್ತರವಿಲ್ಲ

ಸುಪ್ರಜಾಳಿಗೆ ಒಂದು ಕೆಟ್ಟ ಚಾಳಿಯಿತ್ತು. ಯಾವುದಾದರೂ ಕೆಟ್ಟು ನಿಂತರೆ, ಯಾಕೆ ಕೆಟ್ಟಿತು ಅಂತ ತಿಳಿಯುವ ತನಕ ಅವಳಿಗೆ ಊಟ ಸೇರುತ್ತಿರಲಿಲ್ಲ. ಮನೆಯ ಮಿಕ್ಸಿ ಬಿಚ್ಚಿ ಹರಡಿಕೊಂಡು ಅಮ್ಮನ ಹತ್ತಿರ ಮೂರು ಸಲ ಬೈಸಿಕೊಂಡಿದ್ದಳು. ಅಂಥವಳಿಗೆ 2006ರ ಜುಲೈಯಲ್ಲಿ, ಗಾಂಧಿಬಜಾರಿನ ಮಹಡಿ ಮೇಲಿನ ಪುಟ್ಟ ಸಾಫ್ಟ್‌ವೇರ್ ಆಫೀಸಿನಲ್ಲಿ, ತಕ್ಕ ತಲೆನೋವೇ ಗಂಟುಬಿತ್ತು.

ಮಲ್ಲೇಶ್ವರದ ದೊಡ್ಡಬೈರಪ್ಪನವರ ಮದುವೆ ಛತ್ರಕ್ಕೆ ಅವಳು ವೆಬ್‌ಸೈಟ್ ಮಾಡಿದ್ದಳು. ಕೆಲಸಕ್ಕೆ ಸೇರಿದ ಮೇಲೆ ಒಬ್ಬಳೇ ಮಾಡಿದ ಮೊದಲ ಕೆಲಸ ಅದು. ಮದುವೆಯವರು ತಾರೀಖು ಒತ್ತಿದರೆ ಸಾಕು, ಆಫೀಸಿನ ಸರ್ವರ್ ಚಾಮರಾಜಪೇಟೆಯ ಇನ್ನೊಂದು ಕಂಪ್ಯೂಟರನ್ನು ‘ಆ ದಿನ ಮುಹೂರ್ತ ಯಾವಾಗ?’ ಎಂದು ಕೇಳಿ, ಅದು ಹೇಳಿದ್ದನ್ನು ತೋರಿಸುತ್ತಿತ್ತು. ಆ ಕಂಪ್ಯೂಟರ್ ಪಂಚಾಂಗದ ಚಂದ್ರಶೇಖರಯ್ಯನವರದು. ಮಹಾ ಗಟ್ಟಿಗ ಈ ಮನುಷ್ಯ. ಐವತ್ತು ವರ್ಷ ಕೈಯಲ್ಲೇ ಗುಣಿಸಿ ಭಾಗಿಸಿ ಪಂಚಾಂಗ ಬರೆದವರು, ಅರವತ್ತೆಂಟನೇ ವಯಸ್ಸಿನಲ್ಲಿ ಕಂಪ್ಯೂಟರ್ ಕ್ಲಾಸಿಗೆ ಸೇರಿ, ಹುಡುಗರ ಪಕ್ಕ ಬೆಂಚಿನ ಮೇಲೆ ಕೂತು ಕಲಿತು, ಪ್ರೋಗ್ರಾಮನ್ನೂ ತಾವೇ ಬರೆದಿದ್ದರು. ಆಫೀಸಿನ ಯಜಮಾನ ಅನಿಲ್ ಕುಮಾರ್, ಚೆನ್ನೈನ ಕಂಪನಿಯೊಂದರ ಪಂಚಾಂಗ ತೆಗೆದುಕೊಂಡರೆ ಸಾಕು ಅಂದಿದ್ದ. “ಇವರ ಲೆಕ್ಕ ನಿಮಿಷಕ್ಕೆ ನಿಮಿಷ ಕರೆಕ್ಟು ಸಾರ್” ಎಂದು ಹಟ ಹಿಡಿದವಳು ಸುಪ್ರಜಾ.

ಈಗ ನೋಡಿದರೆ, ಅದೇ ಕಂಪ್ಯೂಟರ್ ದಿನಾ ಒಂದೂವರೆ ಗಂಟೆ ಬಾಯಿ ಮುಚ್ಚಿಕೊಂಡು ಕೂರುತ್ತಿತ್ತು! ಆಗ ಛತ್ರದ ಸೈಟಿನಲ್ಲಿ ‘ಮಾಹಿತಿ ಇಲ್ಲ’ ಎಂಬ ಎರಡು ಪದ ಬಿಟ್ಟರೆ ಬೇರೇನೂ ಇಲ್ಲ. ದೊಡ್ಡಬೈರಪ್ಪನವರು ಫೋನಿನಲ್ಲಿ ಕೂಗಾಡಿದರು: “ಮುಹೂರ್ತ ಇಲ್ದಿರೋ ಛತ್ರಕ್ಕೆ ಯಾವನಮ್ಮ ಬರ್ತಾನೆ?”

ಅನಿಲ್ ಕುಮಾರ್ ಕೂಗಾಡಲಿಲ್ಲ, ಅದೇ ಭಯ. “ಗುರುವಾರ ನಾಲ್ಕು ಗಂಟೆವರೆಗೂ ಟೈಮ್ ಕೊಡ್ತೀನಿ ಸುಪ್ರಜಾ. ಆಮೇಲೆ ಚೆನ್ನೈನೋರ ಅಗ್ರಿಮೆಂಟಿಗೆ ಸಹಿ ಹಾಕ್ತೀನಿ. ಆ ತಾತನ್ನ ತಂದೋಳು ನೀನು, ಬೇಡ ಅಂತ ಹೇಳೋಳೂ ನೀನೇ.”

ಆ ಮಾತು ಅವಳಿಗೆ ಚುಚ್ಚಿತು. ಬೆಂಚಿನ ಮೇಲೆ ಕೂತು ಕಲಿತ ಮುದುಕರಿಗೆ ‘ನಿಮ್ಮದು ಬೇಡ’ ಎಂದು ಯಾವ ಬಾಯಲ್ಲಿ ಹೇಳುವುದು?

ಹುಡುಕಿದಳು. ಕರೆಂಟು ಹೋಗುತ್ತದೆಯೇ? ಇಲ್ಲ. ಲೈನು ಕೆಟ್ಟಿದೆಯೇ? ಇಲ್ಲ, ಆ ಕಂಪ್ಯೂಟರ್ ಎಚ್ಚರವಾಗಿಯೇ ಇತ್ತು. ಪ್ರಶ್ನೆ ಹೋಗುತ್ತದೆ, ‘503’ ಎಂಬ ಸಂಖ್ಯೆ ಬರುತ್ತದೆ. ಅಂದರೆ ಸದ್ಯಕ್ಕೆ ಆಗುವುದಿಲ್ಲ ಅಂತ. ಚಂದ್ರಶೇಖರಯ್ಯನವರಿಗೇ ಫೋನ್ ಮಾಡಿದರೆ, “ನಮ್ಮದು ಚೆನ್ನಾಗೇ ಇದೆಯಲ್ಲಮ್ಮ, ಕೇಳಿದೋರಿಗೆಲ್ಲ ಉತ್ತರ ಕೊಡ್ತಿದೆ” ಎಂದು ತಣ್ಣಗೆ ಹೇಳಿದರು.

ನಿಂತು ಹೋಗುವ ವೇಳೆಗಳನ್ನೆಲ್ಲ ಅವಳು ಒಂದು ಹಾಳೆಯಲ್ಲಿ ಬರೆದಿಟ್ಟಳು. ಸೋಮವಾರ 7.36ರಿಂದ 9.12. ಮಂಗಳವಾರ 3.37ರಿಂದ 5.13. ಬುಧವಾರ 12.25ರಿಂದ 2.01. ಪಕ್ಕದ ಮೇಜಿನ ವಾದಿರಾಜ ಬಗ್ಗಿ ನೋಡಿ ನಕ್ಕ. “ರಾಹುಕಾಲ ಇದ್ದಂಗಿದೆಯಲ್ಲೇ!”

ಇಬ್ಬರೂ ಎದ್ದು ಗೋಡೆಯ ಕ್ಯಾಲೆಂಡರ್ ನೋಡಿದರು. ಸೋಮವಾರ ಏಳೂವರೆಯಿಂದ ಒಂಬತ್ತು, ಮಂಗಳವಾರ ಮೂರರಿಂದ ನಾಲ್ಕೂವರೆ. ಸಮೀಪ ಬಂದರೂ ತಾಳೆಯಾಗಲಿಲ್ಲ. “ಥೂ, ಕಾಕತಾಳೀಯ ಬಿಡು” ಎಂದು ವಾದಿರಾಜ ಕಾಫಿಗೆ ಹೋದ. ಕಂಪ್ಯೂಟರ್ ಅಂದಮೇಲೆ ಅರ್ಧ ಗಂಟೆ ಹೆಚ್ಚುಕಮ್ಮಿ ಮಾಡುತ್ತದೆಯೇ ಎಂದುಕೊಂಡು ಸುಪ್ರಜಾಳೂ ಬಿಟ್ಟಳು. ಆದರೆ ಹಾಳೆಯನ್ನು ಮಾತ್ರ ಬಿಸಾಡಲಿಲ್ಲ.

ಗುರುವಾರ ಮಧ್ಯಾಹ್ನ 2.01ಕ್ಕೆ ಮತ್ತೆ ನಿಂತಿತು. ಇನ್ನು ಕೂತು ಪ್ರಯೋಜನವಿಲ್ಲವೆಂದು ಆಟೋ ಹತ್ತಿ ಚಾಮರಾಜಪೇಟೆಗೆ ಹೋದಳು. ಬಾಗಿಲು ತೆಗೆದವರು ಚಂದ್ರಶೇಖರಯ್ಯನವರೇ. ಕೂರಿಸಿದರು, ಕಾಫಿ ಕೊಟ್ಟರು, ಮಳೆಯ ವಿಚಾರ, ಅವರೆಕಾಯಿ ಕಾಲದ ವಿಶ್ವೇಶ್ವರಪುರದ ತಿಂಡಿಬೀದಿಯ ವಿಚಾರ ಎಲ್ಲ ಮಾತಾಡಿದರು. ಅವಳು ಕೆಲಸದ ಮಾತೆತ್ತಿದ ಕೂಡಲೇ ಬಾಯಿ ಬಂದ್.

“ನಾಲ್ಕು ಗಂಟೆಗೆ ಎಲ್ಲಾ ಮುಗಿದು ಹೋಗತ್ತೆ ತಾತ, ದಯವಿಟ್ಟು ಹೇಳಿ.”

ಅವರು ಮಾತಾಡದೆ ಬಾಗಿಲ ಪಕ್ಕ ತೂಗುಹಾಕಿದ್ದ ಸ್ಲೇಟಿನ ಕಡೆ ಕೈ ತೋರಿಸಿದರು. ಸೀಮೆಸುಣ್ಣದಲ್ಲಿ ದುಂಡಗೆ ಬರೆದಿತ್ತು: ‘ಇಂದು 2.01ರಿಂದ 3.37. ವಿಚಾರಣೆ ಇಲ್ಲ.’

ಸುಪ್ರಜಾ ಅದನ್ನು ಎರಡು ಸಲ ಓದಿದಳು. ಚೀಲದಿಂದ ಹಾಳೆ ತೆಗೆದಳು. “ಇದು ರಾಹುಕಾಲಾನಾ? ಕ್ಯಾಲೆಂಡರಲ್ಲಿ ಒಂದೂವರೆಯಿಂದ ಮೂರು ಅಂತಿದೆ!”

ಇದಕ್ಕೆ ಮಾತ್ರ ಅವರಿಂದ ಸುಮ್ಮನಿರಲಾಗಲಿಲ್ಲ. “ಆ ಕ್ಯಾಲೆಂಡರಿಗೆ ಸೂರ್ಯ ವರ್ಷವೆಲ್ಲ ಆರಕ್ಕೇ ಹುಟ್ಟಿ ಆರಕ್ಕೇ ಮುಳುಗಬೇಕು! ಬೆಂಗಳೂರಲ್ಲಿ ಇವತ್ತು ಹುಟ್ಟಿದ್ದು ಆರಕ್ಕೇ ಆದ್ರೂ ಮುಳುಗೋದು ಆರೂ ಐವತ್ತಕ್ಕೆ. ಹಗಲನ್ನ ಎಂಟು ಪಾಲು ಮಾಡಿ, ಗುರುವಾರಕ್ಕೆ ಆರನೇದು ನೋಡಿಕೋ.”

ಅವಳು ಹಾಳೆಯ ಬೆನ್ನಿಗೆ ಲೆಕ್ಕ ಹಾಕಿದಳು. ನಿಮಿಷಕ್ಕೆ ನಿಮಿಷ ಸರಿಹೋಯಿತು. ನಿಮಿಷದ ಲೆಕ್ಕವನ್ನೇ ಮೆಚ್ಚಿ ಅವರನ್ನು ಆರಿಸಿದವಳು, ನಿಮಿಷ ಕೂಡಲಿಲ್ಲವೆಂದು ಅವರನ್ನೇ ಬಿಟ್ಟು ಬೇರೆಲ್ಲ ಕಡೆ ಹುಡುಕಿದ್ದಳು. ಎಂಥ ದಡ್ಡಿ ನಾನು, ಅನ್ನಿಸಿತು.

3.37 ಆಯಿತು. ತಾತ ಕನ್ನಡಕ ಹಾಕಿಕೊಂಡು ತಿರುಗಿದರು. “ಈಗ ಕೇಳಮ್ಮ.”

“ರಾಹುಕಾಲದಲ್ಲಿ ನಿಮ್ಮ ಕಂಪ್ಯೂಟರೂ ಬಾಗಿಲು ಹಾಕ್ಕೊಂಡುಬಿಡತ್ತಾ?”

“ಛೆ ಛೆ, ಬಾಗಿಲು ಹಾಕೋದುಂಟೆ? ಮುಹೂರ್ತ ಹೇಳಲ್ಲ, ನಾನು ಯಾವತ್ತೂ ಹೇಳಿಲ್ಲ. ಆದ್ರೆ ಕೇಳ್ಕೊಂಡು ಬಂದೋರನ್ನ ಮಾತಾಡಿಸದೆ ಕಳಿಸ್ತೀವಾ? ದಿನಾ ಉತ್ತರ ಬರೆದು ಕಳಿಸತ್ತಲ್ಲ. ನೀನು ಓದ್ಲಿಲ್ವಾ?”

ಪ್ರೋಗ್ರಾಮ್ ತೆಗೆದು ತೋರಿಸಿದರು. 503ರ ಕೆಳಗೇ ಅಚ್ಚಗನ್ನಡದಲ್ಲಿತ್ತು: ‘ಈಗ ರಾಹುಕಾಲ. ಇಷ್ಟು ಗಂಟೆಯ ಮೇಲೆ ಕೇಳಿ. ನಿಮ್ಮ ಮನೆಯ ಶುಭಕಾರ್ಯ ಚೆನ್ನಾಗಿ ನಡೆಯಲಿ.’ ಗಂಟೆಯನ್ನು ಕಂಪ್ಯೂಟರ್ ತಾನೇ ತುಂಬುತ್ತಿತ್ತು.

ಸುಪ್ರಜಾಳಿಗೆ ನಾಚಿಕೆಯಾಯಿತು. 503 ಕಂಡರೆ ಮಿಕ್ಕದ್ದನ್ನು ಓದದೆ ಬಿಸಾಡು ಎಂಬ ಸಾಲನ್ನು ಬರೆದಿದ್ದವಳು ಅವಳೇ. ಎರಡು ವಾರ ದಿನಾ ಬಂದ ಉತ್ತರವನ್ನು ದಿನಾ ಕಸಕ್ಕೆ ಹಾಕಿದ್ದಳು.

ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ಅನಿಲ್ ಕುಮಾರನಿಗೆ ಫೋನ್ ಮಾಡಿದಳು. “ಸಹಿ ಹಾಕ್ಬೇಡಿ ಸಾರ್. ತಪ್ಪು ಅವರದಲ್ಲ, ನಂದು.” ಎಲ್ಲ ಕೇಳಿದ ಮೇಲೆ ಅವನು, “ಆ ರಾಹುಕಾಲದ ಸಾಲು ತೆಗೀರಿ ಅಂತ ಅವರಿಗೇ ಹೇಳು” ಅಂದ. ಸುಪ್ರಜಾ ಸ್ಲೇಟನ್ನು ಒರೆಸುತ್ತಿದ್ದ ಮುದುಕರನ್ನು ನೋಡಿದಳು. “ಅವರದು ಹಾಗೇ ಇರ್ಲಿ ಸಾರ್. ನಾನು ನನ್ನ ಸಾಲು ತೆಗೀತೀನಿ. ಅವರು ಹೇಳಿದ್ದನ್ನ ಹಾಗೇ ಸೈಟಲ್ಲಿ ತೋರಿಸ್ತೀನಿ.”

“ದೊಡ್ಡಬೈರಪ್ಪ ನಮ್ಮನ್ನ ಬಿಡ್ತಾರಾ? ನಾಳೆ ಒಂದಿನ ನೋಡ್ತೀನಿ, ಅಷ್ಟೇ.”

ಶುಕ್ರವಾರ ಹನ್ನೊಂದಕ್ಕೆ ದೊಡ್ಡಬೈರಪ್ಪನವರ ಫೋನ್ ಬಂತು. ಸುಪ್ರಜಾ ಎತ್ತಿದಳು. ಅನಿಲ್ ಕುಮಾರ್ ಪಕ್ಕದಲ್ಲೇ ನಿಂತಿದ್ದ.

“ಏನಮ್ಮಾ, ಈಗ ರಾಹುಕಾಲ, 12.25ರ ಮೇಲೆ ಕೇಳಿ ಅಂತ ಬರ್ತಾ ಇದೆ?”

“ಹೌದು ಸಾರ್, ಅದು...”

“ಇದನ್ನ ಮೊದ್ಲೇ ಯಾಕಮ್ಮ ಹಾಕ್ಲಿಲ್ಲ? ರಾಹುಕಾಲದಲ್ಲಿ ಯಾವ ಮನೆಯವರು ಛತ್ರ ನೋಡ್ತಾರೆ? ನಾನಂತೂ ಆ ಹೊತ್ತಲ್ಲಿ ಬೀಗಾನೇ ತೆಗಿಯಲ್ಲ!”

ಅನಿಲ್ ಕುಮಾರ್ ತನ್ನ ಕೋಣೆಗೆ ಹೋಗಿ, ಚೆನ್ನೈನ ಕಾಗದವನ್ನು ಸಹಿಯಿಲ್ಲದೆ ಲಕೋಟೆಗೆ ಹಾಕಿದ. ಸುಪ್ರಜಾ ಅವತ್ತು ಬಂದ ಪ್ರತಿಯೊಂದು ಉತ್ತರವನ್ನೂ ಕೊನೆಯ ಸಾಲಿನವರೆಗೆ ಓದಿದಳು.